ಗಣಿತಜ್ಞ ಮಹಾವೀರಾಚಾರ್ಯರು ಮತ್ತು ಚತುರ್ಭುಜಗಳ ವರ್ಗೀಕರಣ

ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿ ಜೀವಿಸಿದ್ದ ಜೈನ ಗಣಿತಜ್ಞರು. ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವಾಗಿರುತ್ತದೆ. ಹೆಸರಿನ ಸಾಮ್ಯದಿಂದಾಗಿ ಇವರನ್ನು ತೀರ್ಥಂಕರ ವರ್ಧಮಾನ ಮಹಾವೀರರೆಂದು ಭಾವಿಸತಕ್ಕದ್ದಲ್ಲ. ಇಬ್ಬರ ನಡುವೆ ಸಾವಿರಕ್ಕೂ ಮಿಕ್ಕಿದ ವರ್ಷಗಳ ಅಂತರವಿದೆ.

ಸುಮಾರು 850ರಲ್ಲಿ ಇವರು ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಒಂಬತ್ತು ಅಧ್ಯಾಯಗಳನ್ನು ಒಳಗೊಂಡಿದ್ದು, ಆರಂಭದಲ್ಲಿ ನೃಪತುಂಗನ ಪ್ರಶಂಸೆಯಿದೆ. ಬ್ರಹ್ಮಗುಪ್ತನೇ ಮೊದಲಾದವರು ಗಣಿತವನ್ನು ಜ್ಯೋತಿಷ ಗ್ರಂಥಗಳ ಅಂಗವಾಗಿ ಬರೆದಿದ್ದರೆ, ಮಹಾವೀರಾಚಾರ್ಯರು ಗಣಿತಕ್ಕೆಂದೇ ಇಡೀ ಗ್ರಂಥವನ್ನು ಮೀಸಲಿರಿಸಿದರು.

ಗ್ರಂಥದ ಕ್ಷೇತ್ರಗಣಿತ ಭಾಗದಲ್ಲಿ ಚತುರ್ಭುಜಗಳನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ. ನಾಲ್ಕೂ ಬಾಹುಗಳು ಸಮನಾಗಿದ್ದರೆ ಸಮ. ಎದುರುಬದುರು ಬಾಹುಗಳು ಸಮನಾಗಿದ್ದರೆ ದ್ವಿದ್ವಿಸಮ. ಎರಡು ಮಾತ್ರ ಸಮನಾಗಿದ್ದರೆ ದ್ವಿಸಮ. ಮೂರು ಸಮನಾಗಿದ್ದರೆ ತ್ರಿಸಮ. ಯಾವುವೂ ಸಮನಲ್ಲದಿದ್ದರೆ ವಿಷಮ. ಮಕ್ಕಳಿಗೆ ಕಲಿಸುವವರು ಗಮನಿಸಬೇಕಾದ ಗುಣವೊಂದು ಇಲ್ಲಿದೆ. ಹೆಸರೇ ಲಕ್ಷಣವನ್ನು ಹೇಳುತ್ತದೆ. ಏನನ್ನು ಅಳೆದು ನೋಡಬೇಕೆಂಬುದು ಹೆಸರು ಕೇಳಿದೊಡನೆಯೇ ಮಗುವಿಗೆ ತಿಳಿಯುತ್ತದೆ. ಆಕೃತಿಯ ಒಟ್ಟು ನೋಟವನ್ನಷ್ಟೇ ನಂಬುವ ಮಗುವು ಓರೆಯಾಗಿ ಇರಿಸಿದ ವರ್ಗವನ್ನು ವರ್ಗವೆಂದು ಗುರುತಿಸದೆ ಹೋಗುವುದುಂಟು.

ಈ ವಿಂಗಡಣೆ ಕೇವಲ ಹೆಸರಿಡುವ ಕೆಲಸವಾಗಿರಲಿಲ್ಲ. ಆಚಾರ್ಯರು ಕ್ಷೇತ್ರಫಲಕ್ಕೆ ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂಬ ಎರಡು ಬಗೆಯ ಲೆಕ್ಕಗಳನ್ನು ನೀಡಿರುತ್ತಾರೆ. ಎದುರು ಬಾಹುಗಳ ಸರಾಸರಿಗಳನ್ನು ಗುಣಿಸುವುದು ವ್ಯಾವಹಾರಿಕ ಕ್ರಮ. ಉದಾಹರಣೆಗೆ, ಸಮಾಂತರವಾದ ತಳ 14 ಮಾರು, ಮೇಲ್ಭಾಗ 4 ಮಾರು, ಇಕ್ಕೆಲದ ಬದಿಗಳು ತಲಾ 13 ಮಾರು ಇರುವ ಹೊಲಕ್ಕೆ ಈ ಕ್ರಮದಲ್ಲಿ 9ನ್ನು 13ರಿಂದ ಗುಣಿಸಿ 117 ಚದರ ಮಾರು ಎಂದಾಗುತ್ತದೆ. ಹೊಲದ ಲಂಬ ಎತ್ತರ 12 ಮಾರು ಆಗಿರುವುದರಿಂದ ನಿಜವಾದ ಕ್ಷೇತ್ರಫಲ 108 ಮಾತ್ರ. ಆಯತ ಹಾಗೂ ವರ್ಗಗಳನ್ನು ಬಿಟ್ಟರೆ ವ್ಯಾವಹಾರಿಕ ಕ್ರಮವು ಯಾವಾಗಲೂ ಹೆಚ್ಚಿನ ಉತ್ತರವನ್ನೇ ಕೊಡುತ್ತದೆ. ಅಂತಹ ಅಳತೆಯ ಮೇಲೆ ಕಂದಾಯ ನಿಗದಿಯಾದಲ್ಲಿ, ಇಲ್ಲದ 9 ಚದರ ಮಾರು ನೆಲಕ್ಕೂ ರೈತನು ತೆರಬೇಕಾಗುತ್ತದೆ. ತಳ ಮತ್ತು ಮೇಲ್ಭಾಗಗಳ ಸರಾಸರಿಯನ್ನು ಲಂಬದಿಂದ ಗುಣಿಸುವ ಸೂಕ್ಷ್ಮ ಕ್ರಮವು ವಿಷಮ ಚತುರ್ಭುಜಕ್ಕೆ ಅನ್ವಯಿಸದೆಂದು ಆಚಾರ್ಯರು ಸ್ಪಷ್ಟಪಡಿಸಿರುತ್ತಾರೆ. ಆದುದರಿಂದ ಆಕೃತಿ ಯಾವ ಬಗೆಯದೆಂದು ಮೊದಲು ನಿರ್ಧರಿಸುವುದು ಅನಿವಾರ್ಯವಾಗಿತ್ತು.

ಬಾಹುಗಳನ್ನಷ್ಟೇ ಆಧರಿಸಿದ ಈ ವರ್ಗೀಕರಣಕ್ಕೆ ಮಿತಿಯೂ ಇದೆ. ಸಮ ಉದ್ದದ ನಾಲ್ಕು ಬಿದಿರು ಕಡ್ಡಿಗಳನ್ನು ತುದಿಗಳಲ್ಲಿ ಸಡಿಲವಾಗಿ ಕಟ್ಟಿ, ಮಕ್ಕಳ ಕೈಯಿಂದಲೇ ಒಂದು ಮೂಲೆಯನ್ನು ತಳ್ಳಿಸಿದರೆ ವರ್ಗವು ವಜ್ರಾಕೃತಿಯಾಗುತ್ತದೆ. ಬಾಹುಗಳು ಬದಲಾಗಿರುವುದಿಲ್ಲ, ಕ್ಷೇತ್ರಫಲ ಕುಗ್ಗಿರುತ್ತದೆ. ನಾಲ್ಕು ಬಾಹುಗಳಿಂದಲೇ ಚತುರ್ಭುಜವು ನಿಶ್ಚಿತವಾಗುವುದಿಲ್ಲ, ಕರ್ಣವನ್ನೋ ಲಂಬವನ್ನೋ ತಿಳಿಸಬೇಕು ಎಂಬುದನ್ನು ಭಾಸ್ಕರಾಚಾರ್ಯರು 1150ರ 'ಲೀಲಾವತಿ'ಯಲ್ಲಿ ಖಚಿತವಾಗಿ ಪ್ರತಿಪಾದಿಸಿದರು. ಇಂದಿನ ಶಾಲೆಗಳಲ್ಲಿ ಕೋನ ಮತ್ತು ಸಮಾಂತರತೆಗಳನ್ನೂ ಪರಿಗಣಿಸಿ ಆಯತ, ತ್ರಾಪಿಜ್ಯ ಮುಂತಾದವನ್ನು ಗುರುತಿಸಲು ಕಲಿಸಲಾಗುತ್ತದೆ.

'ಗಣಿತಸಾರಸಂಗ್ರಹ'ವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮೂಲಗ್ರಂಥವನ್ನು 1912ರಲ್ಲಿ ಮದರಾಸು ಸರ್ಕಾರವು ಪ್ರಕಟಿಸಿತು. ಕನ್ನಡ ಅನುವಾದ ಸಹಿತವಾದ ಆವೃತ್ತಿಯು ಹೊಂಬುಜದಿಂದ 2000ದಲ್ಲಿ ಪ್ರಕಟವಾಗಿರುತ್ತದೆ.