ಸುರಕ್ಷತೆಯ ಶಿಲ್ಪಿ ನಿಲ್ಸ್ ಬೋಲಿನ್

ಮೋಟಾರು ವಾಹನವು ಮಾನವನಿಗೆ ವೇಗವನ್ನು ತಂದುಕೊಟ್ಟಿತು. ವೇಗದೊಡನೆ ಅಪಾಯವನ್ನೂ ತಂದಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಾರುಗಳ ಎಂಜಿನ್ನುಗಳು ಬಲಗೊಂಡವು, ಆಸನಗಳು ಮೆತ್ತಗಾದವು, ಹೊರಮೈ ಕಣ್ಸೆಳೆಯುವಂತಾಯಿತು. ಆದರೆ ಓಡುತ್ತಿರುವ ಕಾರು ಡಿಕ್ಕಿ ಹೊಡೆದ ಕ್ಷಣದಲ್ಲಿ ಒಳಗೆ ಕುಳಿತವರ ಗತಿಯೇನು ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರು ವಿರಳ. ಆ ಪ್ರಶ್ನೆಗೆ ಸರಳವೂ ಸಮರ್ಥವೂ ಆದ ಉತ್ತರವೊಂದನ್ನು ಕೊಟ್ಟವರು ಸ್ವೀಡನ್ ದೇಶದ ಎಂಜಿನಿಯರ್ ನಿಲ್ಸ್ ಬೋಲಿನ್. ಇಂದು ಕಾರಿನಲ್ಲಿ ಕುಳಿತೊಡನೆ ನಾವು ಎದೆಯ ಮೇಲೆ ಎಳೆದುಕೊಳ್ಳುವ ಸೀಟ್ ಬೆಲ್ಟು ಅವರ ಬುದ್ಧಿಶಕ್ತಿಯ ಫಲ.

ಬೋಲಿನ್ 1920ರ ಜುಲೈ 17ರಂದು ಸ್ವೀಡನ್ನಿನ ಹರ್ನೋಸಾಂಡ್ ಎಂಬ ಪಟ್ಟಣದಲ್ಲಿ ಜನಿಸಿದರು. 1939ರಲ್ಲಿ ಅದೇ ಊರಿನಲ್ಲಿ ಯಂತ್ರಶಾಸ್ತ್ರದ ಡಿಪ್ಲೊಮಾ ಪಡೆದು, 1942ರಲ್ಲಿ ಸಾಬ್ ಎಂಬ ವಿಮಾನ ತಯಾರಿಕಾ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸ ಅಸಾಧಾರಣವಾದುದು. ಯುದ್ಧವಿಮಾನವು ಆಕಾಶದಲ್ಲಿ ಅಪಾಯಕ್ಕೆ ಸಿಲುಕಿದಾಗ ವಿಮಾನಚಾಲಕನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸಿ ಪ್ರಾಣ ಉಳಿಸುವ ವ್ಯವಸ್ಥೆಯನ್ನು ಅವರು ಅಭಿವೃದ್ಧಿಪಡಿಸಬೇಕಾಗಿತ್ತು. ಮನುಷ್ಯನ ದೇಹವು ಹಠಾತ್ತನೆ ಬೀಳುವ ಬಲವನ್ನು ಎಷ್ಟರಮಟ್ಟಿಗೆ ತಾಳಬಲ್ಲದು, ಯಾವ ಭಾಗದ ಮೇಲೆ ಆ ಬಲವನ್ನು ಹೊರಿಸಿದರೆ ಹಾನಿ ಕಡಿಮೆ ಎಂಬ ವಿಷಯಗಳಲ್ಲಿ ಅವರಿಗೆ ಆಳವಾದ ಪರಿಶ್ರಮ ದೊರೆತದ್ದು ಇಲ್ಲಿಯೇ.

1958ರಲ್ಲಿ ವೋಲ್ವೊ ಕಾರು ಸಂಸ್ಥೆಯ ಮುಖ್ಯಸ್ಥರಾಗಿದ್ದ ಗುನ್ನಾರ್ ಎಂಗೆಲ್ಲಾವ್ ಅವರು ಬೋಲಿನ್ನರನ್ನು ತಮ್ಮಲ್ಲಿಗೆ ಕರೆಸಿಕೊಂಡು ಸುರಕ್ಷತೆಯ ಕಾರ್ಯವನ್ನು ಒಪ್ಪಿಸಿದರು. ಎಂಗೆಲ್ಲಾವ್ ಅವರ ಬಂಧುವೊಬ್ಬರು ಕಾರು ಅಪಘಾತದಲ್ಲಿ ಮಡಿದಿದ್ದರು. ಆ ದುಃಖವೂ ಈ ನಿರ್ಧಾರದ ಹಿಂದೆ ಇತ್ತು. ಆ ಕಾಲದ ಕಾರುಗಳಲ್ಲಿ ಸೀಟ್ ಬೆಲ್ಟುಗಳು ಇರಲೇ ಇಲ್ಲವೆಂದಲ್ಲ. ಕೆಲವು ಕಾರುಗಳಲ್ಲಿ ಸೊಂಟಕ್ಕೆ ಅಡ್ಡಲಾಗಿ ಕಟ್ಟಿಕೊಳ್ಳುವ ಪಟ್ಟಿ ಇರುತ್ತಿತ್ತು. ಅದರ ಕೊಂಡಿ ಹೊಟ್ಟೆಯ ನಡುವೆ ಬರುತ್ತಿತ್ತು. ರಭಸದ ಡಿಕ್ಕಿಯಲ್ಲಿ ಸೊಂಟ ನಿಂತರೂ ಎದೆ ಮತ್ತು ತಲೆ ಮುಂದಕ್ಕೆ ಬಾಗಿ ಅಪ್ಪಳಿಸುತ್ತಿದ್ದವು. ಬಿಗಿದ ಪಟ್ಟಿಯೇ ಹೊಟ್ಟೆಯೊಳಗಿನ ಮೃದುವಾದ ಅಂಗಗಳನ್ನು ಘಾಸಿಗೊಳಿಸುತ್ತಿತ್ತು. ಅಮೆರಿಕದಲ್ಲಿ ರೋಜರ್ ಗ್ರಿಸ್‌ವೋಲ್ಡ್ ಮತ್ತು ಹ್ಯೂ ಡಿಹೇವನ್ ಎಂಬವರು ಮೂರು ಬಿಂದುಗಳಲ್ಲಿ ಬಿಗಿಯುವ ಪಟ್ಟಿಯೊಂದನ್ನು ರೂಪಿಸಿ 1955ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅದರಲ್ಲಿಯೂ ಕೊಂಡಿಯು ದೇಹದ ಮುಂಭಾಗದಲ್ಲಿಯೇ ಉಳಿದಿತ್ತು.

ಬೋಲಿನ್ನರ ಮುಂದೆ ಎರಡು ಸಮಸ್ಯೆಗಳಿದ್ದವು. ಒಂದು ದೇಹಕ್ಕೆ ಸಂಬಂಧಿಸಿದ್ದು, ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು. ಎರಡನೆಯದೇ ಹೆಚ್ಚು ಕಠಿಣವಾದುದೆಂದು ಅವರು ಅರಿತರು. ಯುದ್ಧವಿಮಾನದ ಚಾಲಕನಿಗೆ ಸಾವು ಪಕ್ಕದಲ್ಲಿಯೇ ಇದೆಯೆಂಬ ಎಚ್ಚರವಿರುತ್ತದೆ. ಆದ್ದರಿಂದ ಎಷ್ಟು ಪಟ್ಟಿಗಳಿಂದ ಬಿಗಿದರೂ ಅವನು ಸಹಿಸಿಕೊಳ್ಳುತ್ತಾನೆ. ಅಂಗಡಿಗೋ ಕಚೇರಿಗೋ ಹೊರಟ ಸಾಮಾನ್ಯ ಮನುಷ್ಯನು ಹಾಗಲ್ಲ. ಅವನು ಒಂದು ನಿಮಿಷದ ಕಿರಿಕಿರಿಯನ್ನೂ ತಾಳಲಾರನು. ಹಾಕಿಕೊಳ್ಳಲು ತೊಡಕಾದರೆ, ಕುಳಿತಾಗ ಒತ್ತಿದರೆ, ಪಟ್ಟಿಯನ್ನು ಮುಟ್ಟದೆಯೇ ಕಾರನ್ನು ಓಡಿಸುತ್ತಾನೆ. ಧರಿಸದ ಪಟ್ಟಿ ಎಷ್ಟು ಗಟ್ಟಿಯಾಗಿದ್ದರೂ ಅದರಿಂದ ಪ್ರಯೋಜನವೇನು? ಹೀಗಾಗಿ ಸುರಕ್ಷತೆಯನ್ನು ಸಾಧಿಸಬೇಕಾದರೆ ಸೌಕರ್ಯವನ್ನು ಕಡೆಗಣಿಸುವಂತಿಲ್ಲ ಎಂಬ ನಿರ್ಣಯಕ್ಕೆ ಅವರು ಬಂದರು.

ಸುಮಾರು ಒಂದು ವರ್ಷದ ದುಡಿಮೆಯಿಂದ ಪರಿಹಾರ ದೊರೆಯಿತು. ಒಂದು ಪಟ್ಟಿ ಹೆಗಲಿನಿಂದ ಎದೆಯ ಮೇಲೆ ಓರೆಯಾಗಿ ಇಳಿಯಬೇಕು. ಇನ್ನೊಂದು ಸೊಂಟದ ಮೂಳೆಯ ಮೇಲೆ ಅಡ್ಡಲಾಗಿ ಹಾಯಬೇಕು. ಎರಡೂ ಆಸನದ ಪಕ್ಕದಲ್ಲಿ, ಸೊಂಟಕ್ಕಿಂತ ಕೆಳಗೆ, ಒಂದೇ ಬಿಂದುವಿನಲ್ಲಿ ಕೂಡಬೇಕು. ಆಗ ಡಿಕ್ಕಿಯ ಬಲವನ್ನು ಹೊಟ್ಟೆಯ ಬದಲು ಎದೆಗೂಡು ಮತ್ತು ಸೊಂಟದ ಗಟ್ಟಿ ಮೂಳೆಗಳು ಹೊರುತ್ತವೆ. ಕೊಂಡಿಯು ಪಕ್ಕಕ್ಕೆ ಸರಿದುದರಿಂದ ಅದು ದೇಹಕ್ಕೆ ಒತ್ತುವ ಭಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಪಟ್ಟಿಯನ್ನು ಒಂದೇ ಕೈಯಿಂದ, ಒಂದೇ ಎಳೆತದಲ್ಲಿ ಹಾಕಿಕೊಳ್ಳಬಹುದು. ನೋಡುವವರಿಗೆ ಇದು ಅತಿ ಸಾಮಾನ್ಯವೆಂದು ತೋರಬಹುದು. ಆದರೆ ದೇಹದ ರಚನೆಯನ್ನೂ ಮನುಷ್ಯನ ಸ್ವಭಾವವನ್ನೂ ಒಟ್ಟಿಗೆ ಅರಿತವನಿಗೆ ಮಾತ್ರ ಹೊಳೆಯಬಲ್ಲ ಯುಕ್ತಿಯಿದು.

1959ರಲ್ಲಿ ವೋಲ್ವೊ ಸಂಸ್ಥೆಯು ಈ ಪಟ್ಟಿಯನ್ನು ತನ್ನ ಕಾರುಗಳಲ್ಲಿ ಅಳವಡಿಸಿತು. 1962ರಲ್ಲಿ ಬೋಲಿನ್ನರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ಇತರ ತಯಾರಕರಿಂದ ಹಣ ಪಡೆದು ಅಪಾರ ಲಾಭ ಗಳಿಸಲು ಸಂಸ್ಥೆಗೆ ಅವಕಾಶವಿತ್ತು. ಆದರೆ ಅದು ಹಾಗೆ ಮಾಡಲಿಲ್ಲ. ಈ ವಿನ್ಯಾಸವನ್ನು ಎಲ್ಲ ಕಾರು ತಯಾರಕರೂ ಉಪಯೋಗಿಸಲು ಬಿಟ್ಟುಕೊಟ್ಟಿತು. ಪ್ರಾಣ ಉಳಿಸುವ ಸಾಧನವು ಒಬ್ಬರ ಸೊತ್ತಾಗದೆ ಲೋಕದ ಸೊತ್ತಾಯಿತು.

ಆದರೂ ಜನರು ಅದನ್ನು ಕೂಡಲೇ ಸ್ವೀಕರಿಸಲಿಲ್ಲ. ಪಟ್ಟಿಯು ಬಂಧನವೆಂದು ಕೆಲವರು ಬಗೆದರು. ಅಪಘಾತವಾದಾಗ ಅದರಿಂದಲೇ ಸಿಲುಕಿಕೊಳ್ಳಬಹುದೆಂದು ಕೆಲವರು ಹೆದರಿದರು. ಬೋಲಿನ್ ವಾದಕ್ಕೆ ಇಳಿಯದೆ ಸಾಕ್ಷ್ಯವನ್ನು ಸಂಗ್ರಹಿಸಿದರು. ಸ್ವೀಡನ್ನಿನಲ್ಲಿ ನಡೆದ 28,000 ಅಪಘಾತಗಳ ವಿವರಗಳನ್ನು ಪರಿಶೀಲಿಸಿ 1967ರಲ್ಲಿ ಅದರ ಫಲಿತಾಂಶವನ್ನು ಮಂಡಿಸಿದರು. ಪಟ್ಟಿ ಧರಿಸದವರು ಕಡಿಮೆ ವೇಗದಲ್ಲಿಯೂ ಸಾವಿಗೀಡಾಗಿದ್ದರು. ಧರಿಸಿದವರಲ್ಲಿ ಗಂಟೆಗೆ 60 ಮೈಲಿ, ಎಂದರೆ ಸುಮಾರು 97 ಕಿಲೋಮೀಟರಿಗಿಂತ ಕಡಿಮೆ ವೇಗದ ಅಪಘಾತಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಅಂಕಿಗಳು ಸಂಶಯವನ್ನು ನಿವಾರಿಸತೊಡಗಿದವು. 1970ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವೂ 1975ರಲ್ಲಿ ಸ್ವೀಡನ್ ದೇಶವೂ ಸೀಟ್ ಬೆಲ್ಟ್ ಧರಿಸುವುದನ್ನು ಕಡ್ಡಾಯಗೊಳಿಸಿದವು. ಕ್ರಮೇಣ ಇತರ ದೇಶಗಳು ಆ ದಾರಿಯನ್ನು ಹಿಡಿದವು.

ಪಟ್ಟಿಯನ್ನು ಇನ್ನಷ್ಟು ಹಿತಕರಗೊಳಿಸುವ ಕೆಲಸವೂ ಮುಂದುವರಿಯಿತು. ಮೊದಲಿನ ಪಟ್ಟಿಗಳ ಉದ್ದವನ್ನು ಕೈಯಿಂದ ಸರಿಪಡಿಸಿಕೊಳ್ಳಬೇಕಾಗಿತ್ತು. ಮುಂದೆ ಸುರುಳಿಯ ವ್ಯವಸ್ಥೆ ಬಂದಿತು. ಅದರಿಂದಾಗಿ ಕುಳಿತವರು ನಿಧಾನವಾಗಿ ಬಾಗಿದರೆ ಪಟ್ಟಿ ಸಡಿಲಗೊಳ್ಳುತ್ತದೆ. ಕಾರು ಹಠಾತ್ತನೆ ನಿಂತರೆ ಸುರುಳಿ ಸಿಕ್ಕಿಕೊಂಡು ಪಟ್ಟಿ ಬಿಗಿಯಾಗಿ ಹಿಡಿಯುತ್ತದೆ.

ಸೌಕರ್ಯ ಮತ್ತು ಸುರಕ್ಷತೆಗಳ ಇದೇ ತಿಕ್ಕಾಟವು ಆಸನದ ಮೇಲ್ತುದಿಯಲ್ಲಿರುವ ತಲೆಯೊರಗಿನ ವಿಷಯದಲ್ಲಿಯೂ ಕಾಣಿಸಿಕೊಂಡಿತು. ಬೋಲಿನ್ ವೋಲ್ವೊದಲ್ಲಿದ್ದ ಕಾಲದಲ್ಲಿಯೇ, 1968ರಲ್ಲಿ, ಆ ಸಂಸ್ಥೆಯ ಕಾರುಗಳ ಮುಂದಿನ ಆಸನಗಳಿಗೆ ತಲೆಯೊರಗು ಬಂದಿತು. ಹೆಸರು ತಲೆಯೊರಗಾದರೂ ಅದು ತಲೆಯನ್ನು ಒರಗಿಸಿ ವಿಶ್ರಮಿಸುವುದಕ್ಕಾಗಿ ಹುಟ್ಟಿದ್ದಲ್ಲ. ಹಿಂದಿನಿಂದ ಮತ್ತೊಂದು ವಾಹನ ಡಿಕ್ಕಿ ಹೊಡೆದಾಗ ಆಸನವು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ; ತಲೆ ಮಾತ್ರ ಇದ್ದಲ್ಲಿಯೇ ಉಳಿದು ಕುತ್ತಿಗೆ ಹಿಂದಕ್ಕೆ ಮುರಿದಂತೆ ಬಾಗುತ್ತದೆ. ಅದನ್ನು ತಡೆಯುವುದೇ ತಲೆಯೊರಗಿನ ಉದ್ದೇಶ. ಅದಕ್ಕಾಗಿ ಅದು ಸಾಕಷ್ಟು ಎತ್ತರವಾಗಿಯೂ ತಲೆಗೆ ಹತ್ತಿರವಾಗಿಯೂ ಇರಬೇಕು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನಿಯಮವೊಂದು ಮುಂದಿನ ಆಸನಗಳಲ್ಲಿ ತಲೆಗೂ ತಲೆಯೊರಗಿಗೂ ನಡುವಣ ಅಂತರ 55 ಮಿಲಿಮೀಟರನ್ನು ಮೀರಬಾರದೆಂದು ವಿಧಿಸಿತು. ಆದರೆ ಎಲ್ಲರ ಬೆನ್ನೂ ಒಂದೇ ಬಗೆಯದಲ್ಲ. ಎಲ್ಲರೂ ಒಂದೇ ರೀತಿ ಕೂರುವುದೂ ಇಲ್ಲ. ತೀರ ಹತ್ತಿರ ಬಂದ ತಲೆಯೊರಗು ಕೆಲವರ ತಲೆಯನ್ನು ಮುಂದಕ್ಕೆ ನೂಕಿ ಕುತ್ತಿಗೆನೋವನ್ನು ತರುತ್ತದೆ. ಬೇಸತ್ತವರು ಅದನ್ನು ತಿರುಗಿಸಿ ಹಾಕುವುದುಂಟು, ಕಿತ್ತು ಬದಿಗಿಡುವುದೂ ಉಂಟು. ಆಗ ರಕ್ಷಣೆಯೇ ಇಲ್ಲವಾಗುತ್ತದೆ.

ಈ ತೊಡಕಿಗೂ ಎಂಜಿನಿಯರುಗಳು ಬೋಲಿನ್ನರ ಮಾರ್ಗದಲ್ಲಿಯೇ ಪರಿಹಾರ ಹುಡುಕಿದರು. 1997ರಲ್ಲಿ ಸಾಬ್ ಕಾರಿನಲ್ಲಿ ಹೊಸಬಗೆಯ ತಲೆಯೊರಗು ಬಂದಿತು. ಅದು ಸಾಮಾನ್ಯ ಸಮಯದಲ್ಲಿ ಹಿತವಾದ ಅಂತರದಲ್ಲಿ ಇರುತ್ತಿತ್ತು. ಹಿಂದಿನಿಂದ ಡಿಕ್ಕಿಯಾದಾಗ, ಕುಳಿತವರ ಬೆನ್ನು ಆಸನವನ್ನು ಒತ್ತಿದ ಬಲದಿಂದಲೇ, ಮೇಲಕ್ಕೂ ಮುಂದಕ್ಕೂ ಚಲಿಸಿ ತಲೆಯನ್ನು ಆತುಕೊಳ್ಳುತ್ತಿತ್ತು. ಮರುವರ್ಷ ವೋಲ್ವೊ ಸಂಸ್ಥೆಯು ಡಿಕ್ಕಿಯ ಕ್ಷಣದಲ್ಲಿ ಬೆನ್ನೊರಗೇ ಹಿಂದಕ್ಕೆ ಸರಿದು ಆಘಾತವನ್ನು ತಗ್ಗಿಸುವ ಆಸನವನ್ನು ತಂದಿತು. ಹೀಗೆ ಬೋಲಿನ್ ದುಡಿದ ಎರಡು ಸಂಸ್ಥೆಗಳ ಹೆಸರೂ ಈ ಕಾರ್ಯದಲ್ಲಿ ಸೇರಿಕೊಂಡಿತು.

ವೋಲ್ವೊದಲ್ಲಿ ಸುರಕ್ಷತೆಯ ಸಂಶೋಧನೆಯನ್ನು ಮುನ್ನಡೆಸಿದ ಬೋಲಿನ್ 1985ರಲ್ಲಿ ನಿವೃತ್ತರಾದರು. ಅದೇ ವರ್ಷ ಜರ್ಮನಿಯ ಪೇಟೆಂಟ್ ಕಚೇರಿಯು, ಅದುವರೆಗಿನ ನೂರು ವರ್ಷಗಳಲ್ಲಿ ಮಾನವಕುಲಕ್ಕೆ ಅತ್ಯಂತ ಮಹತ್ವದ್ದೆನಿಸಿದ ಎಂಟು ಪೇಟೆಂಟುಗಳ ಸಾಲಿಗೆ ಅವರ ಪಟ್ಟಿಯನ್ನು ಸೇರಿಸಿತು. 1995ರಲ್ಲಿ ಸ್ವೀಡನ್ನಿನ ರಾಜಮನ್ನಣೆಯ ಎಂಜಿನಿಯರಿಂಗ್ ವಿಜ್ಞಾನಗಳ ಅಕಾಡೆಮಿಯು ಚಿನ್ನದ ಪದಕವನ್ನಿತ್ತು ಗೌರವಿಸಿತು. 2002ರ ಸೆಪ್ಟೆಂಬರ್ 21ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಅಮೆರಿಕದ ಸಂಶೋಧಕರ ಗೌರವಮಂದಿರಕ್ಕೆ ಅವರ ಹೆಸರು ಸೇರಿದುದೂ ಆ ದಿನವೇ. ಅವರ ಪಟ್ಟಿಯಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಪ್ರಾಣ ಉಳಿದಿದೆಯೆಂದು ಅಂದಾಜು ಮಾಡಲಾಗಿದೆ.

ಕಠಿಣ ನಿಯಮಗಳಿಂದ ಮಾತ್ರವೇ ಮನುಷ್ಯನನ್ನು ಕಾಪಾಡಲು ಸಾಧ್ಯವಿಲ್ಲ. ಅವನ ದೌರ್ಬಲ್ಯವನ್ನೂ ಅರಿತು ಸಾಧನವನ್ನು ರೂಪಿಸಬೇಕು. ಅಂತೆಯೇ ಸಾಧನವು ಎಷ್ಟು ಹಿತಕರವಾಗಿದ್ದರೂ ಅದನ್ನು ಬಳಸುವ ವಿವೇಕ ಬಳಸುವವನದೇ ಆಗಿರಬೇಕು. ಮೊದಲನೆಯ ಹೊಣೆಯನ್ನು ನಿಲ್ಸ್ ಬೋಲಿನ್ ಪೂರೈಸಿ ಹೋದರು. ಎರಡನೆಯದು ಕಾರಿನ ಬಾಗಿಲು ಮುಚ್ಚಿದ ಪ್ರತಿಯೊಬ್ಬರ ಪಾಲಿಗೂ ಪ್ರತಿದಿನವೂ ಹೊಸದಾಗಿ ಬರುತ್ತದೆ.