ಸೂರ್ಯನತ್ತ ಕ್ಯಾಮೆರಾ ತಿರುಗಿಸುತ್ತಿದ್ದ ಹುಡುಗ

ರಾತ್ರಿ ಊಟವಾದ ಮೇಲೆ ನಿಮ್ಮ ಏಳನೆಯ ಅಥವಾ ಎಂಟನೆಯ ತರಗತಿಯ ಮಗು ಮೊಬೈಲು ಹಿಡಿದುಕೊಂಡು ಬಂದು, ಕೆಂಪು-ನೀಲಿ ಮೋಡದಂತಿರುವ ನೀಹಾರಿಕೆಯ ಚಿತ್ರ ತೋರಿಸಿರಬಹುದು. ಇದು ಆಕಾಶದಲ್ಲಿ ನಿಜವಾಗಿ ಹೀಗೇ ಇದೆಯಾ, ಇಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದಾ ಎಂದು ಕೇಳಿರಬಹುದು. ಕೇಳದಿದ್ದರೆ ಇನ್ನೊಂದು ವರ್ಷದಲ್ಲಿ ಕೇಳುತ್ತದೆ. ಇದೆ ಎಂದರೂ ಪೂರ್ತಿ ಸರಿಯಲ್ಲ, ಇಲ್ಲ ಎಂದರೂ ಸರಿಯಲ್ಲ. ಸರಿಯಾದ ಉತ್ತರ ಹೇಳಬೇಕೆಂದರೆ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಎಂಬ ಅಮೆರಿಕದ ಖಗೋಳಜ್ಞರ ಬದುಕನ್ನೇ ಹೇಳಬೇಕಾಗುತ್ತದೆ.

ಬಾರ್ನಾರ್ಡ್ ಹುಟ್ಟಿದ್ದು 1857ರ ಡಿಸೆಂಬರ್ 16ರಂದು, ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಊರಿನಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ತಾಯಿ ಮೇಣದ ಹೂಗಳನ್ನು ಮಾಡಿ ಮಾರಿ ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ, ಮನೆಯಲ್ಲಿ ಹೊಟ್ಟೆಗಿಲ್ಲದ ದಿನಗಳು. ಹುಡುಗ ಶಾಲೆಗೆ ಹೋದದ್ದು ಒಟ್ಟು ಎರಡು ತಿಂಗಳು. ಓದಲು ಕಲಿಸಿದ್ದು ತಾಯಿ, ಮನೆಯಲ್ಲಿ, ಮನೆಮಾತಿನಲ್ಲಿ.

ಎಂಟು-ಒಂಬತ್ತರ ವಯಸ್ಸಿನಲ್ಲಿ ಅವನನ್ನು ಊರಿನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಬಿಟ್ಟರು. ಆ ಕಾಲದಲ್ಲಿ ಫೋಟೋವನ್ನು ದೊಡ್ಡದು ಮಾಡಲು ವಿದ್ಯುತ್ ದೀಪವಿರಲಿಲ್ಲ, ಬಿಸಿಲೇ ಬೇಕು. ಸ್ಟುಡಿಯೋದ ಮಾಳಿಗೆಯ ಮೇಲೆ ಒಂದು ಭಾರೀ ಕ್ಯಾಮೆರಾ ಇತ್ತು, ಅದಕ್ಕೆ ಜ್ಯೂಪಿಟರ್ ಎಂದು ಹೆಸರು. ಸೂರ್ಯ ಸರಿದಂತೆ ಅದನ್ನೂ ಚಕ್ರ ತಿರುಗಿಸಿ ಸರಿಸುತ್ತಿರಬೇಕು. ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂರುವ ಕೆಲಸ, ಮುಂಚೆ ಇದ್ದ ಹುಡುಗರು ನಿದ್ದೆ ಹೋಗುತ್ತಿದ್ದರಂತೆ. ಇವನು ನಿದ್ದೆ ಮಾಡಲಿಲ್ಲ. ಊರಿನ ಮಧ್ಯಾಹ್ನದ ಗಂಟೆಗೂ ಸೂರ್ಯ ನೆತ್ತಿಗೆ ಬರುವ ಹೊತ್ತಿಗೂ ವರ್ಷವಿಡೀ ಸರಿಹೊಂದುವುದಿಲ್ಲ, ಒಮ್ಮೆ ಮುಂದೆ ಒಮ್ಮೆ ಹಿಂದೆ ಆಗುತ್ತದೆ ಎಂಬುದನ್ನು ಅವನು ತಾನೇ ಗಮನಿಸಿದ. ಆ ಸ್ಟುಡಿಯೋದಲ್ಲಿ ಅವನು ಹದಿನೇಳು ವರ್ಷ ಇದ್ದ. ಮಸೂರ, ಗಾಜಿನ ಪ್ಲೇಟು, ಕತ್ತಲ ಕೋಣೆ, ರಾಸಾಯನಿಕ, ಎಷ್ಟು ಹೊತ್ತು ಅದ್ದಿದರೆ ಎಷ್ಟು ಕಪ್ಪಾಗುತ್ತದೆ ಎಂಬ ಲೆಕ್ಕ, ಎಲ್ಲವೂ ಕೈಗೆ ಬಂದದ್ದು ಅಲ್ಲಿ.

ಖಗೋಳದ ಪುಸ್ತಕ ಸಿಕ್ಕಿದ್ದೂ ಆಕಸ್ಮಿಕ. ಪರಿಚಯದವನೊಬ್ಬ ಎರಡು ಡಾಲರ್ ಸಾಲ ತೆಗೆದುಕೊಂಡು ಅಡಮಾನವಾಗಿ ಒಂದು ಹಳೆಯ ಪುಸ್ತಕ ಕೊಟ್ಟ, ಸಾಲ ತೀರಿಸಲು ಬರಲೇ ಇಲ್ಲ. ಅದು ಸ್ಕಾಟ್ಲೆಂಡಿನ ಥಾಮಸ್ ಡಿಕ್ ಸಾಮಾನ್ಯ ಜನರಿಗಾಗಿ ಬರೆದ ಖಗೋಳದ ಪುಸ್ತಕ. ಅದರಲ್ಲಿದ್ದ ನಕ್ಷೆಯನ್ನು ಕಿಟಕಿಯ ಬಳಿ ಹಿಡಿದು ಹೊರಗಿನ ಆಕಾಶಕ್ಕೆ ಹೋಲಿಸಿ ನೋಡಿದಾಗ, ಚಿಕ್ಕಂದಿನಿಂದ ಕಂಡಿದ್ದ ನಕ್ಷತ್ರಗಳಿಗೆ ಒಂದೊಂದು ಹೆಸರಿದೆ ಎಂದು ತಿಳಿಯಿತು. ಇಲ್ಲಿ ನಿಮಗೊಂದು ಮಾತು. ಆ ಪುಸ್ತಕ ಅವನಿಗೆ ಅರ್ಥವಾಗದ ಭಾಷೆಯಲ್ಲಿದ್ದಿದ್ದರೆ ಅದು ಬರೀ ಅಡಮಾನದ ವಸ್ತುವಾಗಿಯೇ ಉಳಿಯುತ್ತಿತ್ತು. ನಮ್ಮ ಭಾಷೆಯಲ್ಲೂ ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣ ರಾವ್ ಅಂತಹವರು ಜನಸಾಮಾನ್ಯರಿಗಾಗಿ ನಕ್ಷತ್ರಗಳ ಬಗ್ಗೆ ಬರೆದಿದ್ದಾರೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಅವು ಇವೆಯೇ, ಇದ್ದರೆ ಕಪಾಟಿಗೆ ಬೀಗ ಹಾಕಿದೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ ನೋಡಿ.

ಹತ್ತೊಂಬತ್ತು-ಇಪ್ಪತ್ತರ ಹೊತ್ತಿಗೆ ಬಾರ್ನಾರ್ಡ್ ಐದು ಅಂಗುಲದ ದೂರದರ್ಶಕ ಕೊಂಡರು. ಬೆಲೆ 380 ಡಾಲರ್, ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು. ಅದೇ 1877ರಲ್ಲಿ ಅಮೆರಿಕದ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನ್ಯಾಶ್‌ವಿಲ್‌ನಲ್ಲೇ ನಡೆಯಿತು. ಅದರ ಅಧ್ಯಕ್ಷರಾಗಿದ್ದ ಹೆಸರಾಂತ ಖಗೋಳಜ್ಞ ಸೈಮನ್ ನ್ಯೂಕೂಂಬ್ ಅವರನ್ನು ಕಂಡು, ನನ್ನ ದೂರದರ್ಶಕದಿಂದ ನಾನು ಏನು ಮಾಡಬಹುದು ಎಂದು ಬಾರ್ನಾರ್ಡ್ ಕೇಳಿದರು. ಗಣಿತ ಬರುತ್ತದೆಯೇ ಎಂದು ನ್ಯೂಕೂಂಬ್ ತಿರುಗಿ ಕೇಳಿದರು. ಬರುವುದಿಲ್ಲ. ಹಾಗಾದರೆ ಮೊದಲು ಗಣಿತ ಕಲಿಯಬೇಕು, ಅದಿಲ್ಲದೆ ಹೆಚ್ಚೇನೂ ಸಾಧ್ಯವಿಲ್ಲ ಎಂಬುದು ಆ ಹಿರಿಯರ ಅಭಿಪ್ರಾಯ. ಯುವಕ ಕಟ್ಟಡದ ಕಂಬವೊಂದರ ಹಿಂದೆ ಹೋಗಿ ನಿಂತು ಅತ್ತರು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಒಂದು ತಪ್ಪು ಮಾಡುತ್ತೇವೆ. ನೋಡು, ಅವರು ಶಾಲೆಗೇ ಹೋಗಲಿಲ್ಲ, ಆದರೂ ದೊಡ್ಡವರಾದರು ಎನ್ನುತ್ತೇವೆ. ಬಾರ್ನಾರ್ಡ್ ಹಾಗೆ ಅಂದುಕೊಳ್ಳಲಿಲ್ಲ. ಅತ್ತು ಮುಗಿಸಿ, ಇದ್ದ ಸಂಬಳದಲ್ಲೇ ಮನೆಪಾಠದ ಮೇಷ್ಟರನ್ನು ಗೊತ್ತುಮಾಡಿಕೊಂಡು ಗಣಿತ ಕಲಿಯಲು ಕುಳಿತರು. 1883ರಲ್ಲಿ, ಮದುವೆಯಾಗಿ ಎರಡು ವರ್ಷವಾದ ಮೇಲೆ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅಲ್ಲಿನ ವೀಕ್ಷಣಾಲಯ ನೋಡಿಕೊಳ್ಳುವ ಕೆಲಸವನ್ನೂ ಓದುವ ಅವಕಾಶವನ್ನೂ ಕೊಟ್ಟಾಗ, ಇಪ್ಪತ್ತೈದರ ವಯಸ್ಸಿನಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಎರಡು ತಿಂಗಳ ಶಾಲೆ ಅವರ ಬದುಕಿನಲ್ಲಿ ಒಂದು ಕೊರತೆ. ಅದನ್ನು ತುಂಬಿಕೊಳ್ಳಲು ಅವರು ಹತ್ತು ವರ್ಷ ತೆತ್ತರು.

ಈ ನಡುವೆ ಮನೆ ನಡೆದದ್ದು ಧೂಮಕೇತುಗಳಿಂದ ಎಂದರೆ ತಮಾಷೆಯಲ್ಲ. ವಾರ್ನರ್ ಎಂಬ ಶ್ರೀಮಂತ ಔಷಧ ವ್ಯಾಪಾರಿ ಹೊಸ ಧೂಮಕೇತು ಕಂಡುಹಿಡಿದವರಿಗೆ 200 ಡಾಲರ್ ಬಹುಮಾನ ಇಟ್ಟಿದ್ದರು. 1881ರಿಂದ ಬಾರ್ನಾರ್ಡ್ ಒಂದಾದ ಮೇಲೊಂದು ಕಂಡುಹಿಡಿದರು, ಆ ಹಣದಿಂದ ಮನೆ ಕಟ್ಟಿಸಿದರು. ಊರವರು ಅದನ್ನು ಧೂಮಕೇತು ಮನೆ ಎಂದೇ ಕರೆದರು.

1888ರಲ್ಲಿ ಕ್ಯಾಲಿಫೋರ್ನಿಯಾದ ಹ್ಯಾಮಿಲ್ಟನ್ ಬೆಟ್ಟದ ಮೇಲಿನ ಲಿಕ್ ವೀಕ್ಷಣಾಲಯಕ್ಕೆ ಸೇರಿದರು. ಅಲ್ಲಿ 36 ಅಂಗುಲದ ದೂರದರ್ಶಕವಿತ್ತು, ಮಸೂರದ ದೂರದರ್ಶಕಗಳಲ್ಲಿ ಆಗ ಜಗತ್ತಿನಲ್ಲೇ ದೊಡ್ಡದು. 1892ರ ಸೆಪ್ಟೆಂಬರ್ 9ರ ರಾತ್ರಿ ಅದರಲ್ಲಿ ಕಣ್ಣಿಟ್ಟು ಗುರುಗ್ರಹದ ಐದನೆಯ ಚಂದ್ರನನ್ನು ಕಂಡುಹಿಡಿದರು. 1610ರಲ್ಲಿ ಗೆಲಿಲಿಯೋ ನಾಲ್ಕನ್ನು ಕಂಡ ಮೇಲೆ ಗುರುವಿಗೆ ಸಿಕ್ಕಿದ ಮೊದಲ ಹೊಸ ಚಂದ್ರ ಅದು. ಜಗತ್ತಿನಾದ್ಯಂತ ಹೆಸರಾಯಿತು. ಆದರೆ ನಿಮ್ಮ ಮಗುವಿನ ಪ್ರಶ್ನೆಗೆ ಸಂಬಂಧಪಟ್ಟದ್ದು ಆ ದೊಡ್ಡ ದೂರದರ್ಶಕವಲ್ಲ, ಒಂದು ಹಳೆಯ ಸ್ಟುಡಿಯೋ ಮಸೂರ.

ದೊಡ್ಡ ದೂರದರ್ಶಕ ಆಕಾಶದ ಚೂರನ್ನು ಮಾತ್ರ ತೋರಿಸುತ್ತದೆ, ಬಾಗಿಲಿನ ಕೀಲಿರಂಧ್ರದಿಂದ ಜಾತ್ರೆ ನೋಡಿದ ಹಾಗೆ. ಆಕಾಶಗಂಗೆ ಇಡೀ ಆಕಾಶಕ್ಕೆ ಅಡ್ಡಲಾಗಿ ಚಾಚಿಕೊಂಡಿದೆ, ಅದನ್ನು ನೋಡಲು ಅಗಲವಾದ ನೋಟ ಬೇಕು. ಜನರ ಮುಖದ ಫೋಟೋ ತೆಗೆಯಲು ಮಾಡಿದ್ದ ಆರು ಅಂಗುಲದ ವಿಲ್ಲರ್ಡ್ ಮಸೂರ ಲಿಕ್‌ನಲ್ಲಿತ್ತು. ಅದನ್ನು ಕ್ಯಾಮೆರಾಕ್ಕೆ ಕೂಡಿಸಿ, ದೂರದರ್ಶಕವೊಂದರ ಮೇಲೆ ಕಟ್ಟಿ, 1889ರ ಬೇಸಿಗೆಯಲ್ಲಿ ಬಾರ್ನಾರ್ಡ್ ಆಕಾಶಗಂಗೆಯ ಫೋಟೋ ತೆಗೆದರು. ಒಂದು ಪ್ಲೇಟಿಗೆ ಮೂರು ನಾಲ್ಕು ಗಂಟೆ. ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರ ಸರಿಯುತ್ತಲೇ ಇರುತ್ತದೆ. ಒಂದು ನಕ್ಷತ್ರವನ್ನು ಗೆರೆಗಳ ನಡುವೆ ಹಿಡಿದು, ಕಣ್ಣು ತೆಗೆಯದೆ, ಕೈಯಿಂದ ಸರಿಪಡಿಸುತ್ತ ಕೂರಬೇಕು. ಮಾಳಿಗೆಯ ಮೇಲೆ ಸೂರ್ಯನ ಬೆನ್ನು ಹತ್ತಿದ್ದ ಹುಡುಗ ಈಗ ಅದೇ ಕೆಲಸವನ್ನು ಕತ್ತಲಲ್ಲಿ ಮಾಡುತ್ತಿದ್ದ.

ಆ ಪ್ಲೇಟುಗಳಲ್ಲಿ ಕಂಡದ್ದು ಅದುವರೆಗೆ ಯಾವ ಕಣ್ಣೂ ಕಾಣದ್ದು. ನಕ್ಷತ್ರಗಳ ರಾಶಿ, ಅವುಗಳ ನಡುವೆ ಹರಡಿದ ಮಸುಕು ನೀಹಾರಿಕೆ, ಮತ್ತು ಶಾಯಿ ಚೆಲ್ಲಿದಂತಹ ಕಪ್ಪು ಗೆರೆಗಳು, ಮಚ್ಚೆಗಳು. 1894ರಲ್ಲಂತೂ ಚಿತ್ರ ತೋರಿಸುವ ಲಾಟೀನಿನ ಒಂದೂವರೆ ಅಂಗುಲದ ಮಸೂರದಿಂದ ಒರಾಯನ್ ನಕ್ಷತ್ರಪುಂಜವನ್ನು ಸುತ್ತುವರಿದ ಬೃಹತ್ ಕಮಾನನ್ನು ಚಿತ್ರಿಸಿದರು. ಅದನ್ನು ಇಂದಿಗೂ ಬಾರ್ನಾರ್ಡ್ ಕಮಾನು ಎನ್ನುತ್ತಾರೆ.

ಕಷ್ಟ ಶುರುವಾದದ್ದು ಫೋಟೋ ತೆಗೆದ ಮೇಲೆ. ಒಂದೇ ಪ್ಲೇಟಿನಲ್ಲಿ ಕಣ್ಣು ಕುಕ್ಕುವ ನಕ್ಷತ್ರರಾಶಿಯೂ ಇದೆ, ಇದೆಯೋ ಇಲ್ಲವೋ ಎಂಬಷ್ಟು ಮಸುಕಾದ ನೀಹಾರಿಕೆಯೂ ಇದೆ. ನೇರವಾಗಿ ಪ್ರಿಂಟು ಹಾಕಿದರೆ ಒಂದು ಸುಟ್ಟು ಬೆಳ್ಳಗಾಗುತ್ತದೆ, ಇನ್ನೊಂದು ಕತ್ತಲಲ್ಲಿ ಮುಳುಗುತ್ತದೆ. ಬಾರ್ನಾರ್ಡ್ ಮೂಲ ನೆಗೆಟಿವ್‌ನಿಂದ ಗಾಜಿನ ಮೇಲೆ ಪಾಸಿಟಿವ್, ಅದರಿಂದ ಎರಡನೆಯ ನೆಗೆಟಿವ್ ಮಾಡುತ್ತಿದ್ದರು. ಪ್ರತಿ ಹಂತದಲ್ಲೂ ಬೆಳಕನ್ನೂ ರಾಸಾಯನಿಕದಲ್ಲಿಡುವ ಹೊತ್ತನ್ನೂ ಹೆಚ್ಚುಕಡಿಮೆ ಮಾಡಿ, ಮಸುಕನ್ನು ಎತ್ತಿ, ಪ್ರಖರವನ್ನು ತಗ್ಗಿಸುತ್ತಿದ್ದರು. ಇಂದು ಹವ್ಯಾಸಿಗಳು ಹತ್ತಾರು ಫೋಟೋಗಳನ್ನು ಒಂದರ ಮೇಲೊಂದು ಕೂಡಿಸಿ, ಕಂಪ್ಯೂಟರಿನಲ್ಲಿ ಮಸುಕು ಭಾಗವನ್ನು ಹಿಗ್ಗಿಸಿ, ಅಂಚಿನ ಕಪ್ಪನ್ನು ಸರಿಮಾಡುತ್ತಾರಲ್ಲ, ಅದರ ಅಜ್ಜನ ಕಾಲದ ರೂಪ ಇದು. ಇಲ್ಲದ್ದನ್ನು ಸೇರಿಸುವುದು ಬೇರೆ, ಇದ್ದದ್ದನ್ನು ಕಾಣುವಂತೆ ಮಾಡುವುದು ಬೇರೆ. ಬಾರ್ನಾರ್ಡರ ಚಿತ್ರಗಳೆಲ್ಲ ಕಪ್ಪು-ಬಿಳುಪು. ಇಂದಿನ ಚಿತ್ರಗಳ ಕೆಂಪು ಹೆಚ್ಚಾಗಿ ಜಲಜನಕದ ಬೆಳಕು. ಅದು ನಿಜ, ಆದರೆ ನಮ್ಮ ಕಣ್ಣಿಗೆ ಅಷ್ಟು ಗಾಢವಾಗಿ ಎಂದೂ ಕಾಣದು. ಮಗುವಿಗೆ ಇಷ್ಟು ಹೇಳಿದರೆ ಸಾಕು.

ಅಚ್ಚಿನವರ ಕೈಯಲ್ಲಿ ಈ ಚಿತ್ರಗಳು ಹಾಳಾಗುವುದನ್ನು ಬಾರ್ನಾರ್ಡ್ ಸಹಿಸಲಿಲ್ಲ. ಲಿಕ್‌ನಲ್ಲಿ ತೆಗೆದ ಚಿತ್ರಗಳ ಸಂಪುಟ ಹೊರಬಂದದ್ದು 1913ರಲ್ಲಿ. ಅಷ್ಟು ಹೊತ್ತಿಗೆ ಅವರು ಲಿಕ್ ಬಿಟ್ಟು ಹದಿನೆಂಟು ವರ್ಷವಾಗಿತ್ತು. 1895ರಲ್ಲೇ ಅವರು ಷಿಕಾಗೋ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ವಿಸ್ಕಾನ್ಸಿನ್‌ನ ಯರ್ಕಿಸ್ ವೀಕ್ಷಣಾಲಯಕ್ಕೆ ಹೋಗಿದ್ದರು. ಕ್ಯಾಥರೀನ್ ಬ್ರೂಸ್ ಎಂಬ ಮಹಿಳೆ ಕೊಟ್ಟ 7,000 ಡಾಲರ್‌ನಿಂದ ಅಲ್ಲಿ ಅವರ ಇಷ್ಟದ ಕ್ಯಾಮೆರಾ ತಯಾರಾಯಿತು. ಹತ್ತು ಅಂಗುಲದ ಮಸೂರ, ಅದರ ಪಕ್ಕದಲ್ಲೇ ಆರು ಅಂಗುಲದ ಇನ್ನೊಂದು. ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಪ್ಲೇಟಿನ ಮೇಲೆ ಎರಡು ಚಿತ್ರ. ಒಂದರಲ್ಲಿ ಕಂಡ ಮಚ್ಚೆ ಇನ್ನೊಂದರಲ್ಲೂ ಇದ್ದರೆ ಅದು ಆಕಾಶದ್ದು, ಇಲ್ಲದಿದ್ದರೆ ಪ್ಲೇಟಿನ ದೋಷ.

ಯರ್ಕಿಸ್‌ನಲ್ಲಿ ಒಂದು ತೊಂದರೆ ಇತ್ತು. ಆಕಾಶಗಂಗೆಯ ಅತಿ ಸುಂದರ ಭಾಗ ವೃಶ್ಚಿಕ ಮತ್ತು ಧನು ರಾಶಿಗಳ ಕಡೆ ಇದೆ. ಅಷ್ಟು ಉತ್ತರದ ಊರಿನಲ್ಲಿ ಜ್ಯೇಷ್ಠಾ ನಕ್ಷತ್ರ ದಕ್ಷಿಣ ದಿಗಂತದಿಂದ 21 ಡಿಗ್ರಿಗಿಂತ ಮೇಲೇರುವುದಿಲ್ಲ, ಮಂಜಿನಲ್ಲೇ ಹಾದುಹೋಗುತ್ತದೆ. ಹಾಗಾಗಿ 1905ರಲ್ಲಿ ಕ್ಯಾಮೆರಾವನ್ನೇ ಬಿಚ್ಚಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ಗೆ ಸಾಗಿಸಿ, ಸುಮಾರು ಎಂಟು ತಿಂಗಳು ಅಲ್ಲಿದ್ದು ಚಿತ್ರ ತೆಗೆದರು. ಮುಂದೆ ಅವರ ಹೆಸರು ಉಳಿಸಿದ ಪುಸ್ತಕದ ಹೆಚ್ಚಿನ ಚಿತ್ರಗಳು ಅಲ್ಲಿಯವು.

ಆ ಕಪ್ಪು ಮಚ್ಚೆಗಳು ಏನು? ನಕ್ಷತ್ರಗಳಿಲ್ಲದ ಖಾಲಿ ಜಾಗ, ಆಕಾಶದಲ್ಲಿನ ತೂತು ಎಂದು ಬಾರ್ನಾರ್ಡ್ ಬಹಳ ಕಾಲ ನಂಬಿದ್ದರು. ಬೇಸಿಗೆಯ ಒಂದು ರಾತ್ರಿ ಯರ್ಕಿಸ್‌ನಲ್ಲಿ, ಧನು ರಾಶಿಯ ಬೆಳಕಿನ ಮುಂದೆ ನಮ್ಮದೇ ವಾತಾವರಣದ ಸಣ್ಣ ಸಣ್ಣ ಮೋಡಗಳು ತೇಲಿದಾಗ, ಅವು ತಮ್ಮ ಪ್ಲೇಟಿನ ಮಚ್ಚೆಗಳಂತೆಯೇ ಕಪ್ಪಾಗಿ ಕಂಡವು. ನಂಬಿಕೆ ನಿಧಾನವಾಗಿ ಬದಲಾಯಿತು. 1919ರಲ್ಲಿ 182 ಕಪ್ಪು ಗುರುತುಗಳ ಪಟ್ಟಿಯನ್ನು ಪ್ರಕಟಿಸಿದರು. ಪ್ರಸಿದ್ಧ ಕುದುರೆತಲೆ ನೀಹಾರಿಕೆ ಅದರಲ್ಲಿ 33ನೆಯದು. ಅವು ಹಿಂದಿನ ಬೆಳಕನ್ನು ಮರೆಮಾಡುವ ಧೂಳಿನ ಮೋಡಗಳು ಎಂದು ಇಂದು ನಮಗೆ ಗೊತ್ತು, ಹೊಸ ನಕ್ಷತ್ರಗಳು ಹುಟ್ಟುವುದೂ ಅಂತಹ ಮೋಡಗಳಲ್ಲೇ. ಧೂಳು ನಕ್ಷತ್ರಗಳ ನಡುವೆ ಎಲ್ಲೆಡೆ ಇದೆ ಎಂಬುದನ್ನು ಅಳೆದು ತೋರಿಸಿದ್ದು ರಾಬರ್ಟ್ ಟ್ರಂಪ್ಲರ್, 1930ರಲ್ಲಿ. ಚಿತ್ರ ತೆಗೆದವರು ಬಾರ್ನಾರ್ಡ್, ಲೆಕ್ಕ ಹಾಕಿದವರು ಬೇರೆಯವರು. ನ್ಯೂಕೂಂಬ್ ಅಂದು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ ಎಂದು ನನಗೆ ಅನ್ನಿಸುವುದು ಇಲ್ಲಿ.

ಕೊನೆಯ ವರ್ಷಗಳು ಆಕಾಶಗಂಗೆಯ ಚಿತ್ರಸಂಪುಟಕ್ಕೆ ಹೋದವು. ಅಚ್ಚು ಬೇಡ, ಪ್ರತಿ ಪುಟಕ್ಕೂ ನಿಜವಾದ ಫೋಟೋ ಪ್ರಿಂಟನ್ನೇ ಅಂಟಿಸಬೇಕು ಎಂದು ತೀರ್ಮಾನಿಸಿದರು. 51 ಚಿತ್ರ, 700 ಪ್ರತಿ, ಒಟ್ಟು 35,700 ಪ್ರಿಂಟು. ಅಷ್ಟನ್ನೂ ಒಂದೊಂದಾಗಿ ತಾವೇ ಪರೀಕ್ಷಿಸಿದರು. ಆ ಹೊತ್ತಿಗೆ ಸಕ್ಕರೆ ಕಾಯಿಲೆ ಇತ್ತು. 1921ರಲ್ಲಿ ಪತ್ನಿ ರೋಡಾ ತೀರಿಕೊಂಡರು. 1923ರ ಫೆಬ್ರವರಿ 6ರಂದು ಬಾರ್ನಾರ್ಡ್ ಹೋದಾಗ ಪ್ರಿಂಟುಗಳು ಸಿದ್ಧವಾಗಿದ್ದವು, ಪುಸ್ತಕ ಆಗಿರಲಿಲ್ಲ. ರೋಡಾ ಅವರ ಸೋದರನ ಮಗಳು ಮೇರಿ ಕ್ಯಾಲ್ವರ್ಟ್, ವರ್ಷಗಟ್ಟಲೆ ಅವರ ಸಹಾಯಕಿಯಾಗಿದ್ದವರು, ಉಳಿದ ಕೆಲಸ ಮುಗಿಸಿದರು. ಜೊತೆಗಿದ್ದವರು ವೀಕ್ಷಣಾಲಯದ ನಿರ್ದೇಶಕ ಎಡ್ವಿನ್ ಫ್ರಾಸ್ಟ್, ಆ ವೇಳೆಗೆ ಅವರ ಎರಡೂ ಕಣ್ಣು ಹೋಗಿದ್ದವು. ಸಂಪುಟ 1927ರಲ್ಲಿ ಹೊರಬಂತು.

ಬಾರ್ನಾರ್ಡ್ ಕ್ಯಾಮೆರಾ ಬಿಚ್ಚಿ ಸಾಗಿಸಿದ್ದು ಯಾವ ಆಕಾಶಕ್ಕಾಗಿಯೋ ಅದು ನಮ್ಮ ತಲೆಯ ಮೇಲೆಯೇ ಇದೆ. ಮೌಂಟ್ ವಿಲ್ಸನ್‌ನಲ್ಲಿ 29 ಡಿಗ್ರಿ ಏರುವ ಜ್ಯೇಷ್ಠಾ ಸೊಲ್ಲಾಪುರದಲ್ಲಿ 46, ಕಾಸರಗೋಡಿನಲ್ಲಿ 51 ಡಿಗ್ರಿ ಏರುತ್ತದೆ. ಬೇಸಿಗೆ ರಜೆಯಲ್ಲಿ, ಮಳೆ ಹಿಡಿಯುವ ಮೊದಲು, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೀದಿದೀಪ ಇಲ್ಲದ ಕಡೆ ಮಗುವನ್ನು ಕರೆದುಕೊಂಡು ಹೋಗಿ. ಏಪ್ರಿಲ್ ನಡುವಿನಲ್ಲಾದರೆ ಬೆಳಗಿನ ಜಾವ ಮೂರರ ಸುಮಾರಿಗೆ, ಮೇ ನಡುವಿನಲ್ಲಾದರೆ ರಾತ್ರಿ ಒಂದರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ. ಕೆಂಪಗೆ ಹೊಳೆಯುವುದು ಜ್ಯೇಷ್ಠಾ. ಅದರ ಎಡಕ್ಕೆ ಆಕಾಶಗಂಗೆ, ಅದನ್ನು ಉದ್ದಕ್ಕೆ ಸೀಳಿದ ಕಪ್ಪು ಪಟ್ಟಿ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಅಲ್ಲಿಯವರೆಗೆ ಮೊಬೈಲು ಜೇಬಿನಲ್ಲೇ ಇರಲಿ.