ವಿಜಯವಾಡದ ಗೋರಾ

ವಿಜಯವಾಡದ ಬೆಂಜ್ ಸರ್ಕಲಿನ ಆಸುಪಾಸಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ವಾಚಕರು ಅಲ್ಲಿಯ ನಾಸ್ತಿಕ ಕೇಂದ್ರದ ಹೆಸರನ್ನು ಕೇಳಿರಲೇಬೇಕು. ಅದನ್ನು ಸ್ಥಾಪಿಸಿದವರು ಎಂತಹವರೆಂಬುದನ್ನು ಬಲ್ಲವರು ನಮ್ಮವರಲ್ಲಿ ವಿರಳ. ಬಹುಕಾಲ ನಾವೂ ಅರಿತಿರಲಿಲ್ಲ. ೨೦೧೯ರ ಡಿಸೆಂಬರ್ ೨೬ರಂದು, ಸೂರ್ಯಗ್ರಹಣದ ದಿನ, ಬೆಳಗಿನ ಗಿರಾಕಿಯ ಹೊತ್ತಿನಲ್ಲಿಯೇ ನಾವು ಹೋಟೆಲಿನ ಬಾಗಿಲಿಕ್ಕಿ, ನೀರಿನ ಹಂಡೆಗೆ ದರ್ಭೆ ಹಾಕಿ, ಉಳಿದ ಇಡ್ಲಿಯ ಹಿಟ್ಟನ್ನೆಲ್ಲ ಚರಂಡಿಗೆ ಸುರಿಸಿದೆವು. ಹಿಂದಿನ ದಿನ ಅದನ್ನು ರುಬ್ಬಿದ್ದ ಹುಡುಗನು ಏತಕ್ಕೆಂದು ಕೇಳಿದನು. ಹಿರಿಯರು ಹಾಗೆ ಮಾಡುತ್ತಿದ್ದರೆಂದು ಗದರಿಸಿ ಕಳುಹಿದೆವು. ಹಿಟ್ಟು ಕೆಟ್ಟಿರಲಿಲ್ಲವೆಂಬುದು ಅವನಿಗೂ ಗೊತ್ತಿದ್ದಿತು, ನಮಗೂ ಗೊತ್ತಿದ್ದಿತು. ತರುವಾಯ ಗೋರಾ ಅವರ ಜೀವನವೃತ್ತಾಂತವನ್ನು ಓದುವಾಗ ಆ ಹುಡುಗನ ಮುಖವು ಮತ್ತೆ ಮತ್ತೆ ಎದುರಿಗೆ ಬಂದಿತು.

ಗೋರಾ ಎಂಬುದು ಗೋಪರಾಜು ರಾಮಚಂದ್ರರಾವ್ ಎಂಬ ಹೆಸರಿನ ಸಂಕ್ಷೇಪ. ಅವರು ೧೯೦೨ರ ನವೆಂಬರ್ ೧೫ರಂದು, ಈಗ ಒಡಿಶಾಕ್ಕೆ ಸೇರಿರುವ ಗಂಜಾಂ ಸೀಮೆಯ ಛತ್ರಪುರದಲ್ಲಿ, ಆಚಾರವಂತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಮದರಾಸಿನಲ್ಲಿ ಸಸ್ಯಶಾಸ್ತ್ರದ ಎಂ.ಎ. ಮುಗಿಸಿ ಉಪಾಧ್ಯಾಯ ವೃತ್ತಿಗಿಳಿದರು. ೧೯೨೨ರಲ್ಲಿ ಅವರ ಕೈಹಿಡಿದ ಸರಸ್ವತಿಯವರು ವಿಶಾಖಪಟ್ಟಣಕ್ಕೆ ಸಮೀಪದ ವಿಜಯನಗರದವರು. ಮದುವೆಯ ಕಾಲಕ್ಕೆ ಆ ಹುಡುಗಿಗೆ ಹತ್ತೇ ವರ್ಷ.

ದೆವ್ವವಿದೆಯೆಂದು ಜನರು ಅಂಜುತ್ತಿದ್ದ ಮನೆಯೊಂದರಲ್ಲಿ ಈ ದಂಪತಿಗಳು ಬೇಕೆಂದೇ ವಾಸವಾದರು. ಸರಸ್ವತಿಯವರು ಬಸುರಿಯಾಗಿದ್ದಾಗ ಗ್ರಹಣ ಬಂದಿತು. ಬಸುರಿಯರು ಕತ್ತಲೆಯ ಕೋಣೆಯಲ್ಲಿ ಅಲುಗದೆ ಮಲಗಿರಬೇಕೆಂಬ ಕಟ್ಟಳೆಯನ್ನು ಮುರಿದು ಅವರು ಎಂದಿನಂತೆ ಓಡಾಡಿದರು, ಮನೆಗೆಲಸ ಮಾಡಿದರು. ಕೂಸು ಸುಖವಾಗಿ ಹುಟ್ಟಿತು. ಇಲ್ಲಿ ವಾಚಕರು ಗಮನಿಸತಕ್ಕ ಸಂಗತಿಯೊಂದಿದೆ. ಗೋರಾ ಪರರ ಮನೆಯ ಬಸುರಿಯನ್ನು ಅಂಗಳಕ್ಕೆ ಕರೆಯಲಿಲ್ಲ. ಪರೀಕ್ಷೆಯು ತಮ್ಮ ಮನೆಯಲ್ಲಿಯೇ ಮೊದಲಾಯಿತು.

ಇದರ ಬೆಲೆಯನ್ನು ಅವರು ತೆರಬೇಕಾಯಿತು. ೧೯೨೮ರಲ್ಲಿ ಜನಿವಾರ ತೊರೆದುದಕ್ಕೆ ತಂದೆಯು ಮನೆಯಿಂದ ಹೊರಹಾಕಿದರು. ನಾಸ್ತಿಕನೆಂಬ ಕಾರಣಕ್ಕೆ ೧೯೩೩ರಲ್ಲಿ ಕಾಕಿನಾಡದ ಕಾಲೇಜಿನ ನೌಕರಿ ಹೋಯಿತು. ಮಚಲೀಪಟ್ಟಣದ ಕಾಲೇಜಿನಲ್ಲಿಯೂ ಅದೇ ತಗಾದೆ. ೧೯೪೦ರಲ್ಲಿ ಸಂಬಳದ ಹಂಗನ್ನೇ ಬಿಟ್ಟು ಹೆಂಡತಿ ಮಕ್ಕಳೊಡನೆ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಗೆ ಹೋಗಿ ನಾಸ್ತಿಕ ಕೇಂದ್ರವನ್ನು ಆರಂಭಿಸಿದರು.

ಆ ಹಳ್ಳಿಯಲ್ಲಿ ಅವರು ನಡೆಸಿದ ಕೆಲಸಗಳಲ್ಲಿ ಹೋಟೆಲಿನವರಾದ ನಮಗೆ ಎಲ್ಲಕ್ಕಿಂತ ಹಿಡಿಸಿದುದು ಹುಣ್ಣಿಮೆಯ ಊಟ. ಪ್ರತಿ ಹುಣ್ಣಿಮೆಯ ರಾತ್ರಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು. ತಲೆಗೆ ಸುಮಾರು ಒಂದಾಣೆ ಖರ್ಚು. ಯಾರನ್ನೂ ಕರೆಯುತ್ತಿರಲಿಲ್ಲ, ಆದರೂ ನಲವತ್ತು ಐವತ್ತು ಜನ ಸೇರುತ್ತಿದ್ದರು. ಏರ್ಪಾಡಿಗೆ ಮುಂದಾದವರ ಇಚ್ಛೆಯಂತೆ ಸ್ಥಳವು ಪ್ರತಿಸಲವೂ ಬದಲಾಗುತ್ತಿದ್ದಿತು. ಉಂಡು, ಮಾತಾಡಿ, ಎದ್ದು ಹೋಗುವುದಷ್ಟೇ. ಭಾಷಣಕ್ಕೆ ಬಾರದವನು ಊಟಕ್ಕೆ ಬರುವನೆಂಬ ಗುಟ್ಟು ಈ ಸಸ್ಯಶಾಸ್ತ್ರಿಗೆ ಹೇಗೆ ತಿಳಿಯಿತೋ! ನಮ್ಮವರ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿರುತ್ತಿದ್ದ ಕಾಲವದು ಎಂಬುದನ್ನು ಇಲ್ಲಿ ಮರೆಮಾಚಲಾರೆವು.

ದೇವರನ್ನು ನಂಬಿದ್ದ ಗಾಂಧೀಜಿಗೂ ಗೋರಾ ಅವರಿಗೂ ಕೂಡಿಬಂದುದು ಸೋಜಿಗದ ಸಂಗತಿ. ಪತ್ರವ್ಯವಹಾರವು ೧೯೩೦ರಿಂದಲೇ ಇದ್ದರೂ ಸೇವಾಗ್ರಾಮದಲ್ಲಿ ಮುಖಾಮುಖಿಯಾದುದು ೧೯೪೪ರಲ್ಲಿ. ನಾಸ್ತಿಕತೆಯಿಂದೇನು ಪ್ರಯೋಜನವೆಂಬ ಮಾತು ಬಂದಾಗ ಗೋರಾ ಶಾಸ್ತ್ರಾರ್ಥಕ್ಕೆ ತೊಡಗಲಿಲ್ಲ. ಬಂಗಾಳದ ಕ್ಷಾಮದಲ್ಲಿ ಕಲಕತ್ತೆಯ ಬೀದಿಯಲ್ಲಿ ತಾವು ಕಂಡುದನ್ನು ಹೇಳಿದರು. ಮಿಠಾಯಿಯ ಅಂಗಡಿಗಳ ಮಗ್ಗುಲಲ್ಲಿಯೇ ಹಸಿದವರು ಬಿದ್ದು ಸಾಯುತ್ತಿದ್ದರು. ಹಸಿದ ನಾಯಿಯಾಗಿದ್ದರೆ ಹೊಡೆದಟ್ಟಿದರೂ ಮತ್ತೆ ತಿಂಡಿಯ ಮೇಲೆ ಎರಗುತ್ತಿದ್ದಿತು; ಮನುಷ್ಯನು ಹಣೆಬರಹವೆಂದು ಸುಮ್ಮನೆ ಸತ್ತನು. ಈ ಹಣೆಬರಹದ ನಂಬಿಕೆಯೊಡನೆಯೇ ತಮ್ಮ ಜಗಳವೆಂಬುದು ಗೋರಾ ಅವರ ವಾದವಾಗಿದ್ದಿತು. ಗಾಜಿನ ಕಪಾಟಿನಲ್ಲಿ ಮೈಸೂರುಪಾಕು ಜೋಡಿಸಿಟ್ಟು ಹೊರಗೆ ನಿಂತವನನ್ನು ನೋಡಿಯೂ ನೋಡದಂತಿರುವ ನಮ್ಮಂತಹವರಿಗೆ ಇದು ನಾಟುವ ಮಾತು.

ಗೋರಾ ತಮ್ಮ ಮಗಳು ಮನೋರಮಾಳನ್ನು ಅಸ್ಪೃಶ್ಯರೆನಿಸಿದ್ದ ಜಾತಿಯ ಅರ್ಜುನರಾವ್ ಎಂಬ ಯುವಕನಿಗೆ ಕೊಡಲು ನಿಶ್ಚಯಿಸಿದಾಗ, ಆ ಮದುವೆಯನ್ನು ಸೇವಾಗ್ರಾಮದಲ್ಲಿ ನಡೆಸಿಕೊಡಲು ಗಾಂಧೀಜಿ ಒಪ್ಪಿದರು. ದೇವರ ಹೆಸರಿಗೆ ಬದಲಾಗಿ ಸತ್ಯದ ಹೆಸರಿನಲ್ಲಿ ಪ್ರಮಾಣ ಮಾಡಿಸಲೂ ಒಪ್ಪಿದರು. ೧೯೪೮ರ ಜನವರಿ ೩೦ರಂದು ಅವರ ಹತ್ಯೆಯಾಯಿತು. ಆದರೂ ಮದುವೆಯು ಮಾರ್ಚಿನಲ್ಲಿ ಅಲ್ಲಿಯೇ ನಡೆಯಿತು.

ಕೇಂದ್ರವು ೧೯೪೭ರಲ್ಲಿ ವಿಜಯವಾಡಕ್ಕೆ ಬಂದಿದ್ದಿತು. ಅಲ್ಲಿ ಸರಸ್ವತಿಯವರು ಮುಂದಾಗಿ ಬಹಿರಂಗವಾಗಿ ಕೆಂಡ ತುಳಿಯುವ ಪ್ರದರ್ಶನಗಳನ್ನು ಏರ್ಪಡಿಸಿದರು. ಮಂತ್ರವಿಲ್ಲ, ಉಪವಾಸವಿಲ್ಲ. ಇದರ ಮರ್ಮವು ನಮ್ಮ ಒಲೆಯ ಮುಂದೆಯೇ ಇದೆ. ಉರುಳಿಬಿದ್ದ ಕೆಂಡವನ್ನು ಭಟ್ಟರು ಬೆರಳಿನಿಂದಲೇ ಸರಕ್ಕನೆ ಒಲೆಗೆ ಚಿಮ್ಮುವರು. ಅದೇ ಒಲೆಯಲ್ಲಿ ಕಾದ ಕಬ್ಬಿಣದ ಸಟ್ಟುಗವನ್ನು ಮುಟ್ಟಿದರೆ ಬೊಬ್ಬೆಯೇಳುವುದು. ಇದ್ದಲಿಯು ಶಾಖವನ್ನು ಮೆಲ್ಲಗೆ ದಾಟಿಸುವುದು, ಕಬ್ಬಿಣವು ಥಟ್ಟನೆ. ಕೆಂಡದ ಮೇಲೆ ಬೇಗಬೇಗನೆ ನಡೆಯುವವನ ಅಂಗಾಲು ಸುಡುವಷ್ಟು ಹೊತ್ತು ಅಲ್ಲಿ ನಿಲ್ಲುವುದಿಲ್ಲ. ನಿಂತರೆ ಭಕ್ತನ ಕಾಲೂ ಸುಡುವುದು, ನಾಸ್ತಿಕನ ಕಾಲೂ ಸುಡುವುದು.

ಗೋರಾ ಅವರ ಎಲ್ಲ ಕಾರ್ಯಗಳೂ ನಮಗೆ ಸಮ್ಮತವೆಂದಲ್ಲ. ೧೯೭೨ರಲ್ಲಿ ವಿಜಯವಾಡದಲ್ಲಿ ದನದ ಮಾಂಸ, ಹಂದಿಯ ಮಾಂಸಗಳೆರಡನ್ನೂ ಬಹಿರಂಗವಾಗಿ ತಿನ್ನುವ ಸಭೆ ನಡೆಸಿದರು. ಹಿಂದೂ ಮುಸಲ್ಮಾನರಿಬ್ಬರ ಕಟ್ಟನ್ನೂ ಒಟ್ಟಿಗೆ ಕಳಚುವುದು ಉದ್ದೇಶ. ಸಸ್ಯಾಹಾರದ ಬೋರ್ಡಿನಿಂದ ಹೊಟ್ಟೆ ಹೊರೆದ ನಮಗೆ ಇದು ಗಂಟಲಲ್ಲಿ ಇಳಿಯದು. ಹುಣ್ಣಿಮೆಯ ಊಟವೇ ಹೆಚ್ಚು ಜನರನ್ನು ಒಳಕ್ಕೆ ಕರೆದಿತೆಂದು ನಮ್ಮ ಅಭಿಪ್ರಾಯ. ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲನೆಯ ವಿಶ್ವ ನಾಸ್ತಿಕ ಸಮ್ಮೇಳನವು ಅದೇ ಊರಿನಲ್ಲಿ ನೆರೆಯಿತು.

೧೯೭೫ರ ಜುಲೈ ೨೬ರಂದು ವಿಜಯವಾಡದ ಸಾರ್ವಜನಿಕ ಸಭೆಯೊಂದರಲ್ಲಿ ಮಾತಾಡುತ್ತಿದ್ದಂತೆಯೇ ಗೋರಾ ಕುಸಿದು ತೀರಿಕೊಂಡರು. ಮರುವರ್ಷ ನಮ್ಮ ಬೆಂಗಳೂರಿನಲ್ಲಿ, ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆಂದು ಸಮಿತಿಯೊಂದನ್ನು ನೇಮಿಸಿದರು. ಇತ್ತ ವಿಜಯವಾಡದಲ್ಲಿ ಕೇಂದ್ರದ ಭಾರವನ್ನು ಸರಸ್ವತಿಯವರೂ ಮಕ್ಕಳೂ ಹೊತ್ತರು. ಗ್ರಹಣದ ದಿನ ಎದ್ದು ಓಡಾಡಿದ ಆ ತಾಯಿ, ಒಂಬತ್ತು ಮಕ್ಕಳನ್ನು ಹೆತ್ತು ಸಾಕಿ, ೨೦೦೬ರವರೆಗೆ ಬಾಳಿದರು.